ಪಿಸ್ಟನ್ನಿನ ವೇಗ, ಇಂಜಿನ್ನಿನ ಆಯಸ್ಸು

ಹೆಚ್ಚು ಸುತ್ತು ತಿರುಗುವ ಇಂಜಿನ್ನು ಬೇಗ ಸವೆಯುತ್ತದೆ, ನಿಧಾನವಾಗಿ ತಿರುಗುವುದು ಬಹುಕಾಲ ಬಾಳುತ್ತದೆ ಎಂಬ ತಿಳಿವಳಿಕೆ ಟೂ-ಸ್ಟ್ರೋಕ್ ಬೈಕುಗಳನ್ನು ಓಡಿಸಿದವರಲ್ಲೂ ರಿಪೇರಿ ಮಾಡಿದವರಲ್ಲೂ ಆಳವಾಗಿ ಬೇರೂರಿದೆ. ಅದನ್ನು ಒರೆಗೆ ಹಚ್ಚಲು ಕರ್ನಾಟಕದ ರಸ್ತೆಗಳಲ್ಲಿ ವರ್ಷಗಟ್ಟಲೆ ಜೊತೆಜೊತೆಯಾಗಿ ಓಡಿದ ಎರಡು ಇಂಜಿನ್ನುಗಳೇ ಸಾಕು. ಒಂದು, ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನಲ್ಲಿ ಹೊರತಂದ 250 ಸಿಸಿ ಇಂಜಿನ್ನು; ಇನ್ನೊಂದು, ಎಸ್ಕಾರ್ಟ್ಸ್ ಕಂಪನಿಯು 1985ರಿಂದ ಭಾರತದಲ್ಲಿ ತಯಾರಿಸತೊಡಗಿದ ಯಮಹಾ ಆರ್‌ಎಕ್ಸ್ 100. ಮೊದಲನೆಯದು ತನ್ನ ಪೂರ್ಣ ಶಕ್ತಿಯನ್ನು ಕೊಡುವುದು ನಿಮಿಷಕ್ಕೆ ಸುಮಾರು 4,750 ಸುತ್ತಿನಲ್ಲಿ, ಎರಡನೆಯದು 7,500 ಸುತ್ತಿನಲ್ಲಿ. ಸುತ್ತಿನ ಲೆಕ್ಕವನ್ನಷ್ಟೇ ಹಿಡಿದರೆ ಆರ್‌ಎಕ್ಸ್ 100 ಒಂದೂವರೆ ಪಟ್ಟಿಗಿಂತ ಹೆಚ್ಚು ಶ್ರಮಪಡುತ್ತಿದೆ ಎನ್ನಬೇಕಾಗುತ್ತದೆ. ಆದರೆ ಸಿಲಿಂಡರಿನ ಒಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿನ ವೇಗವನ್ನು ಲೆಕ್ಕಹಾಕಿದಾಗ ಈ ಅಂತರ ಬಹುಪಾಲು ಕರಗಿಹೋಗುತ್ತದೆ.

ಲೆಕ್ಕ ಸರಳವಾದದ್ದು. ಪಿಸ್ಟನ್ನು ಮೇಲಿನ ಕೊನೆಯಿಂದ ಕೆಳಗಿನ ಕೊನೆಗೆ ಸರಿಯುವ ದೂರವನ್ನು ಸ್ಟ್ರೋಕ್ ಎಂದೂ ಸಿಲಿಂಡರಿನ ಒಳವ್ಯಾಸವನ್ನು ಬೋರ್ ಎಂದೂ ಕರೆಯುತ್ತಾರೆ. ಕ್ರ್ಯಾಂಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಪಿಸ್ಟನ್ನು ಒಮ್ಮೆ ಇಳಿದು ಒಮ್ಮೆ ಏರುವುದರಿಂದ, ಅದು ಕ್ರಮಿಸುವ ದೂರ ಸ್ಟ್ರೋಕಿನ ಎರಡರಷ್ಟು. ಅದನ್ನು ಸೆಕೆಂಡಿನ ಸುತ್ತುಗಳಿಂದ ಗುಣಿಸಿದರೆ ಸಿಗುವುದೇ ಸರಾಸರಿ ಪಿಸ್ಟನ್ ವೇಗ. ಮಿಲಿಮೀಟರಿನಲ್ಲಿರುವ ಸ್ಟ್ರೋಕನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 30,000ದಿಂದ ಭಾಗಿಸಿದರೆ ಉತ್ತರ ನೇರವಾಗಿ ಸೆಕೆಂಡಿಗೆ ಮೀಟರಿನ ಲೆಕ್ಕದಲ್ಲಿ ಬರುತ್ತದೆ. ಜಾವಾ-ಯೆಜ್ಡಿಯ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಆದ್ದರಿಂದ 4,750 ಸುತ್ತಿನಲ್ಲಿ ಅದರ ಪಿಸ್ಟನ್ ವೇಗ ಸೆಕೆಂಡಿಗೆ 11.9 ಮೀಟರ್. ಆರ್‌ಎಕ್ಸ್ 100ರ ಬೋರ್ ಮತ್ತು ಸ್ಟ್ರೋಕ್ ಎರಡೂ 50 ಮಿ.ಮೀ. ಆಗಿದ್ದು, 7,500 ಸುತ್ತಿನಲ್ಲಿ ಅದರ ವೇಗ 12.5 ಮೀಟರ್. ರಾಜದೂತ್ 350 ಎಂಬ ಹೆಸರಿನಲ್ಲಿ ಇಲ್ಲಿ ಮಾರಾಟವಾದ ಯಮಹಾದ ಎರಡು ಸಿಲಿಂಡರಿನ ಬೈಕನ್ನೂ ಇದೇ ತಕ್ಕಡಿಗೆ ಹಾಕಿದರೆ, 54 ಮಿ.ಮೀ. ಸ್ಟ್ರೋಕಿಗೆ 6,750 ಸುತ್ತಿನಲ್ಲಿ 12.15 ಮೀಟರ್ ಬರುತ್ತದೆ. ಜೆಕ್ ಮೂಲದ ವಿನ್ಯಾಸವೊಂದು, ಜಪಾನಿನ ವಿನ್ಯಾಸಗಳೆರಡು, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉದ್ದೇಶಕ್ಕೆ ರೂಪುಗೊಂಡವು, ಸೆಕೆಂಡಿಗೆ 12 ಮೀಟರಿನ ಆಸುಪಾಸಿನಲ್ಲೇ ನೆಲೆನಿಂತದ್ದು ಆಕಸ್ಮಿಕವೆಂದು ತೋರುವುದಿಲ್ಲ.

ಅಳತೆಯ ಎರಡು ತುದಿಗಳಿಗೆ ಹೋದರೂ ಚಿತ್ರ ಹೆಚ್ಚು ಬದಲಾಗದು. ಮರ ಕೊಯ್ಯುವ ಕೈಗರಗಸದ ಯಂತ್ರದಲ್ಲಿ ಸ್ಟ್ರೋಕ್ 28 ಮಿ.ಮೀ. ಇದ್ದು ಅದು 13,000 ಸುತ್ತು ತಿರುಗಿದರೆ ಪಿಸ್ಟನ್ ವೇಗ ಮತ್ತೆ 12 ಮೀಟರೇ. ಇನ್ನೊಂದು ತುದಿಯಲ್ಲಿ, 2006ರಲ್ಲಿ ನೀರಿಗಿಳಿದ ಎಮ್ಮಾ ಮೇರ್ಸ್ಕ್ ಎಂಬ ಸರಕು ಹಡಗಿನ ಇಂಜಿನ್ನಿದೆ. ಅದೂ ಟೂ-ಸ್ಟ್ರೋಕ್ ತತ್ತ್ವದ್ದೇ; 14 ಸಿಲಿಂಡರುಗಳಿರುವ ಅದರ ಬೋರ್ 960 ಮಿ.ಮೀ., ಸ್ಟ್ರೋಕ್ ಎರಡೂವರೆ ಮೀಟರ್. ಅಷ್ಟು ದೊಡ್ಡ ಯಂತ್ರ ನಿಮಿಷಕ್ಕೆ 102 ಸುತ್ತು ಮಾತ್ರ ತಿರುಗುವುದರಿಂದ ಅದರ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 8.5 ಮೀಟರ್. ಸುತ್ತಿನ ಲೆಕ್ಕದಲ್ಲಿ ಗರಗಸಕ್ಕೂ ಹಡಗಿಗೂ ನೂರು ಪಟ್ಟಿಗಿಂತ ಹೆಚ್ಚಿನ ಅಂತರವಿದ್ದರೆ, ಪಿಸ್ಟನ್ ವೇಗದಲ್ಲಿ ಅದು ಒಂದೂವರೆ ಪಟ್ಟನ್ನೂ ಮುಟ್ಟುವುದಿಲ್ಲ.

ಇದರ ಹಿಂದಿರುವ ನಿಯಮ ಲೋಹದ ಬಲಕ್ಕೆ ಸಂಬಂಧಿಸಿದ್ದು. ಆಕಾರದಲ್ಲಿ ಒಂದೇ ಆಗಿದ್ದು ಅಳತೆಯಲ್ಲಿ ಮಾತ್ರ ಬೇರೆಯಾದ ಎರಡು ಇಂಜಿನ್ನುಗಳನ್ನು ಒಂದೇ ಲೋಹದಿಂದ ಮಾಡಿ ಒಂದೇ ಪಿಸ್ಟನ್ ವೇಗದಲ್ಲಿ ಓಡಿಸಿದರೆ, ಓಡಾಡುವ ಭಾಗಗಳ ಜಡತ್ವದಿಂದ ಲೋಹದ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಎಳೆತ ಎರಡರಲ್ಲೂ ಸಮನಾಗಿರುತ್ತದೆ. ದೊಡ್ಡ ಪಿಸ್ಟನ್ನು ಭಾರವಾದದ್ದು ನಿಜ, ಆದರೆ ಅದು ನಿಧಾನವಾಗಿ ದಿಕ್ಕು ಬದಲಿಸುತ್ತದೆ ಮತ್ತು ಅದನ್ನು ಹಿಡಿದಿರುವ ಕನೆಕ್ಟಿಂಗ್ ರಾಡು ಅಷ್ಟೇ ದಪ್ಪನಾಗಿರುತ್ತದೆ. ಈ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗವನ್ನು ಐದನೆಯ ಒಂದು ಪಾಲು ಹೆಚ್ಚಿಸಿದರೆ ಎಳೆತ ಶೇ 44ರಷ್ಟು ಹೆಚ್ಚುತ್ತದೆ. ಆರ್‌ಎಕ್ಸ್ 100ರ ಅಳತೆಯ ಇಂಜಿನ್ನಿನಲ್ಲಿ ಪಿಸ್ಟನ್, ಪಿನ್ ಮತ್ತು ರಿಂಗುಗಳು ಸೇರಿ 100 ಗ್ರಾಂ ತೂಗುತ್ತವೆ ಎಂದಿಟ್ಟುಕೊಂಡರೆ, 7,500 ಸುತ್ತಿನಲ್ಲಿ ಪಿಸ್ಟನ್ನನ್ನು ಮೇಲಿನ ಕೊನೆಯಲ್ಲಿ ತಡೆದು ಕೆಳಕ್ಕೆಳೆಯಲು ರಾಡಿಗೆ ಸುಮಾರು 195 ಕಿಲೋ ತೂಕಕ್ಕೆ ಸಮನಾದ ಬಲ ಬೇಕು. 9,000 ಸುತ್ತಿನಲ್ಲಿ ಅದು 280 ಕಿಲೋ ದಾಟುತ್ತದೆ. 7,500 ಸುತ್ತಿನಲ್ಲಿ ಸೆಕೆಂಡಿಗೆ 125 ಬಾರಿ ಬರುವ ಈ ಹೊರೆಯನ್ನು ಲೋಹ ಎಷ್ಟು ಲಕ್ಷ ಸಲ ಹೊತ್ತು ಕೊನೆಗೆ ಬಿರಿಯುತ್ತದೆ ಎಂಬುದು ಲೋಹದ ದಣಿವಿನ ಪ್ರಶ್ನೆ, ಮತ್ತು ಆ ಪ್ರಶ್ನೆಗೆ ಪಿಸ್ಟನ್ ವೇಗವು ಹೆಚ್ಚುಕಡಿಮೆ ನೇರವಾದ ಉತ್ತರವನ್ನು ಕೊಡುತ್ತದೆ.

ಇಲ್ಲಿ ಟೂ-ಸ್ಟ್ರೋಕಿಗೆ ಅಷ್ಟಾಗಿ ಯಾರೂ ಗಮನಿಸದ ಅನುಕೂಲವೊಂದಿದೆ. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ, ಹೊಗೆಯನ್ನು ಹೊರದೂಡುವಾಗ, ಪಿಸ್ಟನ್ನು ಮೇಲಿನ ಕೊನೆಯನ್ನು ಬರಿದಾದ ಕೋಣೆಯಲ್ಲಿ ತಲುಪುತ್ತದೆ. ಅದರ ಓಟಕ್ಕೆ ಅಡ್ಡಬರುವ ಅನಿಲದ ಒತ್ತಡವಿಲ್ಲದ ಕಾರಣ ಇಡೀ ಎಳೆತ ರಾಡಿನ ಮೇಲೆ ಬೀಳುತ್ತದೆ. ಟೂ-ಸ್ಟ್ರೋಕಿನಲ್ಲಿ ಪ್ರತಿ ಸುತ್ತಿನಲ್ಲೂ ಮಿಶ್ರಣ ಅದುಮಿಹೋಗುವುದರಿಂದ ಪಿಸ್ಟನ್ನನ್ನು ತಡೆಯುವ ಕೆಲಸದಲ್ಲಿ ಅನಿಲವೂ ಪಾಲುಗೊಳ್ಳುತ್ತದೆ. ಆದರೆ ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೂ ಇದೆ: ರಾಡಿನ ಮೇಲ್ತುದಿಯ ಬೇರಿಂಗಿನ ಮೇಲೆ ಹೊರೆ ಬಹುಮಟ್ಟಿಗೆ ಒಂದೇ ದಿಕ್ಕಿನಿಂದ ಬೀಳುತ್ತಿದ್ದು, ಎಣ್ಣೆ ಒಳಸರಿಯಲು ಬೇಕಾದ ಕ್ಷಣದ ಬಿಡುವು ಸಿಗುವುದಿಲ್ಲ. ವೇಗದ ಸಣ್ಣ ಟೂ-ಸ್ಟ್ರೋಕುಗಳ ತಯಾರಕರು ಆ ಜಾಗದಲ್ಲಿ ಹಳೆಯ ಕಾಲದ ಕಂಚಿನ ಬುಷ್ ಬಿಟ್ಟು ಸೂಜಿಯಂಥ ರೋಲರುಗಳ ಬೇರಿಂಗಿಗೆ ಹೋದದ್ದರ ಒಂದು ಕಾರಣ ಇದು.

ಹಾಗೆಂದು ಪಿಸ್ಟನ್ ವೇಗವೊಂದನ್ನೇ ನಂಬಿದರೆ ಲೆಕ್ಕ ದಾರಿತಪ್ಪುತ್ತದೆ. ವೇಗ ಒಂದೇ ಆಗಿದ್ದರೂ ಚಿಕ್ಕ ಸ್ಟ್ರೋಕಿನ ಪಿಸ್ಟನ್ನು ಅದೇ ವೇಗದಿಂದ ಹೆಚ್ಚು ಸಲ ನಿಂತು ಹೊರಡಬೇಕಾಗಿರುವುದರಿಂದ ಅದರ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಹೆಚ್ಚಿರುತ್ತದೆ. ಮೇಲಿನ ಕೊನೆಯಲ್ಲಿ ಯೆಜ್ಡಿಯ ಪಿಸ್ಟನ್ನಿನ ವೇಗೋತ್ಕರ್ಷ ಭೂಮಿಯ ಗುರುತ್ವದ ಸುಮಾರು 1,200 ಪಟ್ಟಾದರೆ, ಆರ್‌ಎಕ್ಸ್ 100ರದು 2,000 ಪಟ್ಟಿನ ಹತ್ತಿರ ಬರುತ್ತದೆ. ಇದರ ಪರಿಣಾಮ ಎದ್ದು ಕಾಣುವುದು ರಿಂಗುಗಳಲ್ಲಿ. ರಿಂಗನ್ನು ಅದು ಕೂರುವ ತೋಡಿನ ತಳಕ್ಕೆ ಒತ್ತಿಹಿಡಿದು, ಹಿಂದಿನಿಂದ ಸಿಲಿಂಡರಿನ ಗೋಡೆಗೂ ಅಮುಕಿಹಿಡಿಯುವುದು ಅನಿಲದ ಒತ್ತಡ. ಪಿಸ್ಟನ್ನು ಮೇಲಿನ ಕೊನೆಯ ಹತ್ತಿರ ಥಟ್ಟನೆ ನಿಧಾನವಾದಾಗ ರಿಂಗು ಮಾತ್ರ ತನ್ನ ಜಡತ್ವದಿಂದ ಮೇಲಕ್ಕೇ ಹೋಗಲು ಹವಣಿಸುತ್ತದೆ. ವೇಗೋತ್ಕರ್ಷ ಒಂದು ಮಿತಿಯನ್ನು ದಾಟಿತೆಂದರೆ ಅದು ತಳ ಬಿಟ್ಟು ಮೇಲೇಳುತ್ತದೆ, ಹಿಂದಿನ ಒತ್ತಡ ಸೋರಿಹೋಗುತ್ತದೆ, ಬಿಸಿ ಅನಿಲ ರಿಂಗನ್ನು ದಾಟಿ ಪಿಸ್ಟನ್ನಿನ ಪಕ್ಕಕ್ಕೆ ನುಗ್ಗುತ್ತದೆ. ರಿಂಗು ತೆಳುವಾದಷ್ಟೂ ಅದರ ಜಡತ್ವ ಕಡಿಮೆ. ದಪ್ಪ ಅರ್ಧವಾದರೆ ಅದು ತಾಳಬಲ್ಲ ವೇಗೋತ್ಕರ್ಷ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಹಳೆಯ ನಿಧಾನಗತಿಯ ಇಂಜಿನ್ನುಗಳ ದಪ್ಪ ರಿಂಗುಗಳು ಕ್ರಮೇಣ ತೆಳುವಾಗುತ್ತ ಬಂದದ್ದರ ಹಿಂದೆ ಈ ಲೆಕ್ಕವಿದೆ. ಪೋರ್ಟುಗಳನ್ನು ಅರೆದು ದೊಡ್ಡದು ಮಾಡಿ, ಹಳೆಯ ರಿಂಗುಗಳನ್ನೇ ಉಳಿಸಿಕೊಂಡು ಸುತ್ತು ಏರಿಸುವ ಬೀದಿಬದಿಯ ಟ್ಯೂನಿಂಗ್ ಕೆಲವೇ ತಿಂಗಳಲ್ಲಿ ಶಕ್ತಿಯನ್ನು ಕಳೆದುಕೊಳ್ಳುವುದಕ್ಕೂ ಇದೊಂದು ಕಾರಣ.

ಸವೆತದ ವಿಚಾರಕ್ಕೆ ಬಂದರೆ ಪಿಸ್ಟನ್ ವೇಗದ ಕಥೆ ಇನ್ನೂ ವಿಚಿತ್ರವಾಗುತ್ತದೆ. ಪಿಸ್ಟನ್ನಿನ ವೇಗ ಸ್ಟ್ರೋಕಿನುದ್ದಕ್ಕೂ ಒಂದೇ ಆಗಿರುವುದಿಲ್ಲ: ಎರಡು ಕೊನೆಗಳಲ್ಲಿ ಅದು ಸೊನ್ನೆ, ನಡುವೆ ಸರಾಸರಿಯ ಸುಮಾರು 1.6 ಪಟ್ಟು. ವೇಗವೇ ಸವೆಸುವುದಾದರೆ ಸಿಲಿಂಡರು ನಡುಭಾಗದಲ್ಲಿ ಹೆಚ್ಚು ಸವೆಯಬೇಕಿತ್ತು. ಆದರೆ ಬಿಚ್ಚಿದ ಸಿಲಿಂಡರಿಗೆ ಬೋರ್ ಗೇಜ್ ಇಳಿಸಿ ಅಳೆದ ಯಾವ ಮೆಕ್ಯಾನಿಕ್ಕಿಗೂ ಗೊತ್ತಿರುವಂತೆ, ಹೆಚ್ಚಿನ ಸವೆತ ಕಾಣುವುದು ಮೇಲಿನ ರಿಂಗು ನಿಂತು ತಿರುಗುವ ಜಾಗದಲ್ಲಿ, ಅಂದರೆ ವೇಗ ಸೊನ್ನೆಯಾಗುವಲ್ಲಿ. ಅದಕ್ಕೆ ಕಾರಣ ಎಣ್ಣೆಯ ಸ್ವಭಾವ. ನೀರು ನಿಂತ ರಸ್ತೆಯಲ್ಲಿ ವೇಗವಾಗಿ ಹೋಗುವ ಟೈರು ನೀರಿನ ಪದರದ ಮೇಲೇರಿ ರಸ್ತೆಯ ಹಿಡಿತ ತಪ್ಪುವಂತೆ, ವೇಗವಾಗಿ ಸರಿಯುವ ರಿಂಗು ಎಣ್ಣೆಯ ಪದರದ ಮೇಲೆ ತೇಲುತ್ತದೆ. ವೇಗ ಕುಗ್ಗಿದೊಡನೆ ಆ ಪದರ ತೆಳುವಾಗಿ ಲೋಹ ಲೋಹವನ್ನು ಮುಟ್ಟುತ್ತದೆ. ಮೇಲಿನ ಕೊನೆಯಲ್ಲಿ ಅನಿಲದ ಒತ್ತಡವೂ ಶಾಖವೂ ಗರಿಷ್ಠವಾಗಿರುವುದರಿಂದ ಇದ್ದಬದ್ದ ಎಣ್ಣೆಯೂ ಅಲ್ಲಿ ತೆಳುವಾಗಿಬಿಡುತ್ತದೆ. ಹೀಗಾಗಿ ಕಡಿಮೆ ಸುತ್ತಿನಲ್ಲಿ, ಮೇಲಿನ ಗೇರಿನಲ್ಲಿ, ಥ್ರಾಟಲ್ ಪೂರ್ತಿ ತೆರೆದು ಏರು ಹತ್ತಿಸುವುದು ಇಂಜಿನ್ನಿಗೆ ಮಾಡುವ ಉಪಕಾರವೆಂದು ತಿಳಿಯುವುದು ತಪ್ಪು. ಒತ್ತಡ ಹೆಚ್ಚಾಗಿ ವೇಗ ಕಡಿಮೆಯಾಗಿರುವ ಆ ಸ್ಥಿತಿ ಎಣ್ಣೆಯ ಪದರಕ್ಕೆ ಅತ್ಯಂತ ಪ್ರತಿಕೂಲವಾದದ್ದು.

ಟೂ-ಸ್ಟ್ರೋಕಿನ ಸಿಲಿಂಡರಿಗೆ ಇನ್ನೂ ಒಂದು ತೊಡಕಿದೆ. ಅದರ ಗೋಡೆಯಲ್ಲೇ ಮಿಶ್ರಣ ಒಳಬರುವ ಮತ್ತು ಹೊಗೆ ಹೊರಹೋಗುವ ಕಿಂಡಿಗಳು, ಅಂದರೆ ಪೋರ್ಟುಗಳು, ಇರುವುದರಿಂದ ರಿಂಗು ಪ್ರತಿ ಸುತ್ತಿನಲ್ಲೂ ಅವುಗಳ ಅಂಚನ್ನು ಎರಡು ಸಲ ದಾಟಬೇಕು. ಕಿಂಡಿಯ ಮುಂದೆ ಬಂದಾಗ ರಿಂಗು ಹೊರಕ್ಕೆ ಉಬ್ಬಿ, ಅಂಚು ಸಿಕ್ಕಾಗ ಒಳಕ್ಕೆ ಒತ್ತಲ್ಪಡುತ್ತದೆ. ಅಂಚನ್ನು ಸ್ವಲ್ಪ ಓರೆಯಾಗಿ ಕೆತ್ತಿ ನಯಮಾಡದಿದ್ದರೆ ರಿಂಗು ಅಲ್ಲಿ ಸಿಕ್ಕಿ ಮುರಿಯುವುದು ಖಚಿತ. ರಿಂಗಿನ ಬಾಯಿ ತಿರುಗುತ್ತ ಕಿಂಡಿಯ ಎದುರಿಗೆ ಬರದಂತೆ ತೋಡಿನಲ್ಲಿ ಸಣ್ಣ ಪಿನ್ನೊಂದನ್ನು ನೆಟ್ಟಿರುವುದೂ ಇದಕ್ಕಾಗಿಯೇ. ಹೊಗೆಯ ಕಿಂಡಿಯ ಬದಿ ಸದಾ ಕಾದಿರುತ್ತದೆ, ಒಳಬರುವ ಕಿಂಡಿಗಳ ಬದಿ ತಂಪಾಗಿರುತ್ತದೆ, ಆದ್ದರಿಂದ ಓಡುತ್ತಿರುವ ಸಿಲಿಂಡರು ಪೂರ್ತಿ ದುಂಡಗೆ ಉಳಿಯುವುದೇ ಇಲ್ಲ. ಪಿಸ್ಟನ್ನಿನ ಅಲ್ಯೂಮಿನಿಯಂ ಎರಕದ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಶಾಖ ಮಿತಿಮೀರಿದಾಗ ಎರಡರ ನಡುವಿನ ಸಂದು ಮುಚ್ಚಿಹೋಗಿ ಪಿಸ್ಟನ್ನು ಗೋಡೆಗೆ ಕಚ್ಚಿಕೊಳ್ಳುತ್ತದೆ. ಗ್ಯಾರೇಜಿನ ಮಾತಿನಲ್ಲಿ ಇಂಜಿನ್ನು ಸೀಜ್ ಆಗುವುದೆಂದರೆ ಇದು. ಬಹುಪಾಲು ಸಣ್ಣ ಟೂ-ಸ್ಟ್ರೋಕುಗಳ ಅಕಾಲಮರಣಕ್ಕೆ ಮುರಿದ ರಾಡಿಗಿಂತ ಈ ಕಚ್ಚಾಟವೇ ಕಾರಣವೆಂಬುದನ್ನು ನೋಡಿದರೆ, ಪಿಸ್ಟನ್ ವೇಗದ ಮಿತಿಯೊಳಗಿರುವುದು ಬದುಕಿಗೆ ಬೇಕಾದ ಮೊದಲ ಷರತ್ತಷ್ಟೇ ಎಂದಾಗುತ್ತದೆ.

ಎಣ್ಣೆ ಸಿಲಿಂಡರಿಗೆ ತಲುಪುವ ಬಗೆಯೂ ಇದರೊಂದಿಗೆ ಹೆಣೆದುಕೊಂಡಿದೆ. ನಾಲ್ಕು ಸ್ಟ್ರೋಕಿನಲ್ಲಿರುವಂತೆ ಕೆಳಗೆ ಎಣ್ಣೆಯ ತೊಟ್ಟಿಯಿಲ್ಲದ ಈ ಇಂಜಿನ್ನಿನಲ್ಲಿ ಪೆಟ್ರೋಲಿನ ಜೊತೆ ಬೆರೆತು ಬರುವ ಟೂ-ಟಿ ಆಯಿಲೇ ಬೇರಿಂಗಿಗೂ ರಿಂಗಿಗೂ ಆಸರೆ. ಲೀಟರಿಗೆ 40 ಮಿಲಿ ಬೆರೆಸಿದರೆ ಪ್ರಮಾಣ 25ಕ್ಕೆ 1, ಲೀಟರಿಗೆ 20 ಮಿಲಿಯಾದರೆ 50ಕ್ಕೆ 1. ಈ ಪ್ರಮಾಣ ಸ್ಥಿರವಾದದ್ದು, ಆದರೆ ಇಂಜಿನ್ನಿನ ಹಸಿವು ಸ್ಥಿರವಲ್ಲ. ಚಾರ್ಮಾಡಿ, ಆಗುಂಬೆಯಂಥ ಘಾಟಿಗಳನ್ನು ಗೇರಿನಲ್ಲೇ ಥ್ರಾಟಲ್ ಮುಚ್ಚಿ ಇಳಿಯುವಾಗ ಸುತ್ತು ಮೇಲೇ ಇರುತ್ತದೆ, ಪೆಟ್ರೋಲು ಮಾತ್ರ ನಿಂತುಹೋಗಿರುತ್ತದೆ. ಪೆಟ್ರೋಲಿನೊಂದಿಗೆ ಎಣ್ಣೆಯೂ ನಿಂತಿತು. ಅದುಮಲು ಮಿಶ್ರಣವೇ ಇಲ್ಲದಿರುವಾಗ, ಮೇಲೆ ಹೇಳಿದ ಅನಿಲದ ಆಸರೆಯೂ ಪಿಸ್ಟನ್ನಿಗೆ ತಪ್ಪಿ, ಎಳೆತವೆಲ್ಲ ರಾಡಿನ ಪಾಲಿಗೆ ಬರುತ್ತದೆ. ಜರ್ಮನಿಯ ಡಿಕೆಡಬ್ಲ್ಯು ಮತ್ತು ಸ್ವೀಡನ್ನಿನ ಸಾಬ್ ಟೂ-ಸ್ಟ್ರೋಕ್ ಕಾರುಗಳಲ್ಲಿ ಇಳಿಜಾರಿನಲ್ಲಿ ಚಕ್ರದಿಂದ ಇಂಜಿನ್ನು ತಾನಾಗಿ ಬೇರ್ಪಟ್ಟು ನಿಧಾನಗತಿಗೆ ಇಳಿಯುವ ಫ್ರೀವೀಲ್ ವ್ಯವಸ್ಥೆ ಇದ್ದದ್ದು ಈ ಕಾರಣಕ್ಕೇ. ಯಮಹಾ 1964ರಲ್ಲಿ ತಂದ ಆಟೋಲೂಬ್ ಇನ್ನೊಂದು ದಾರಿ ಹಿಡಿಯಿತು: ಇಂಜಿನ್ನಿನ ಸುತ್ತಿಗೂ ಥ್ರಾಟಲಿಗೂ ಹೊಂದಿಕೊಂಡು ಎಣ್ಣೆಯನ್ನು ಬೇರೆಯಾಗಿ ತಳ್ಳುವ ಪುಟ್ಟ ಪಂಪು. ಪ್ರಮಾಣ ಮೀರಿ ಎಣ್ಣೆ ಸುರಿಯುವುದರಿಂದಲೂ ಲಾಭವಿಲ್ಲ. ಎಣ್ಣೆ ಹೆಚ್ಚಾದಷ್ಟೂ ಅದೇ ಜೆಟ್ಟಿನ ಮೂಲಕ ಬರುವ ಪೆಟ್ರೋಲಿನ ಪಾಲು ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ, ಉರಿಯದೆ ಉಳಿದ ಎಣ್ಣೆ ಕರಿಯಾಗಿ ಕಿಂಡಿಯಲ್ಲೂ ರಿಂಗಿನ ತೋಡಿನಲ್ಲೂ ಕೂರುತ್ತದೆ.

ಪಿಸ್ಟನ್ ವೇಗದ ಮೇಲ್ಮಿತಿಯನ್ನು ಬೇಕೆಂದೇ ದಾಟುವವರು ರೇಸಿನವರು. ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ಇಂಜಿನಿಯರ್ ವಾಲ್ಟರ್ ಕಾಡೆನ್ 1961ರಲ್ಲಿ ತಮ್ಮ 125 ಸಿಸಿ ಇಂಜಿನ್ನಿನಿಂದ 10,800 ಸುತ್ತಿನಲ್ಲಿ 25 ಅಶ್ವಶಕ್ತಿ ತೆಗೆದರು. ಅಂದರೆ ಲೀಟರಿಗೆ 200 ಅಶ್ವಶಕ್ತಿ. ಅದರ 54 ಮಿ.ಮೀ. ಸ್ಟ್ರೋಕಿಗೆ ಪಿಸ್ಟನ್ ವೇಗ 19.4 ಮೀಟರ್. ಕಾಡೆನ್ನರ ಹೆಚ್ಚುಗಾರಿಕೆ ಇದ್ದದ್ದು ಸೈಲೆನ್ಸರಿನ ಆಕಾರದಿಂದ ಹೊಗೆಯ ಅಲೆಗಳನ್ನೇ ಹಿಂದಿರುಗಿಸಿ ಸಿಲಿಂಡರನ್ನು ತುಂಬಿಸುವುದರಲ್ಲಿ. ಆ ವಿದ್ಯೆ ಆ ವರ್ಷವೇ ಪಶ್ಚಿಮಕ್ಕೆ ತಪ್ಪಿಸಿಕೊಂಡ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಮೂಲಕ ಸುಜುಕಿಯ ಕೈಸೇರಿ, ಮರುವರ್ಷವೇ ಸುಜುಕಿಗೆ 50 ಸಿಸಿ ವಿಭಾಗದ ವಿಶ್ವ ಪ್ರಶಸ್ತಿ ತಂದಿತು. ಮುಂದಿನ ತಲೆಮಾರುಗಳ 125 ಸಿಸಿ ರೇಸ್ ಇಂಜಿನ್ನುಗಳು 13,000 ಸುತ್ತಿನ ಹತ್ತಿರ ತಿರುಗಿ ಸೆಕೆಂಡಿಗೆ 23 ಮೀಟರನ್ನೂ ದಾಟಿದವು. ಅವುಗಳ ಪಿಸ್ಟನ್ನನ್ನು ಕಿಲೋಮೀಟರಿನ ಲೆಕ್ಕವಿಟ್ಟು, ಇನ್ನೂ ಗಟ್ಟಿಯಾಗಿ ಕಂಡರೂ ತೆಗೆದೆಸೆಯುವುದು ರೇಸಿನ ಶಿಸ್ತು. ರೇಸಿನ ಇಂಜಿನ್ನಿಗೆ ಆಯಸ್ಸೆಂಬುದು ಬಜೆಟ್ಟಿನ ಒಂದು ಬಾಬತ್ತು.

ದಿನಬಳಕೆಯ ಇಂಜಿನ್ನುಗಳಲ್ಲಿ, ಒಂದೇ ಪಿಸ್ಟನ್ ವೇಗದಲ್ಲಿ ಓಡಿದರೂ, ಚಿಕ್ಕದು ದೊಡ್ಡದರಷ್ಟು ಗಂಟೆ ಬಾಳದಿರುವುದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಸೆಕೆಂಡಿಗೆ 12 ಮೀಟರಿನ ಪಿಸ್ಟನ್ನು ಗಂಟೆಗೆ 43 ಕಿಲೋಮೀಟರ್ ಉಜ್ಜಾಡುತ್ತದೆ. ಗರಗಸದಲ್ಲಾದರೂ ಬೈಕಿನಲ್ಲಾದರೂ ಆ ದೂರ ಒಂದೇ, ಆದ್ದರಿಂದ ಉಳಿದೆಲ್ಲವೂ ಸಮನಾಗಿದ್ದರೆ ಗೋಡೆಯಿಂದ ಕಳೆದುಹೋಗುವ ಲೋಹದ ದಪ್ಪವೂ ಹೆಚ್ಚುಕಡಿಮೆ ಒಂದೇ. ಆದರೆ ಬೋರಿನ ವ್ಯಾಸ 0.1 ಮಿ.ಮೀ. ಹಿಗ್ಗಿದಾಗ ರಿಂಗಿನ ಬಾಯಿ, ಬೋರ್ ಎಷ್ಟೇ ಇರಲಿ, 0.31 ಮಿ.ಮೀ. ಹೆಚ್ಚು ತೆರೆದುಕೊಳ್ಳುತ್ತದೆ. ಇನ್ನೂರೈವತ್ತು ಸಿಸಿಯ ಸಿಲಿಂಡರಿಗೆ ಆ ಸೋರಿಕೆ ಅಲ್ಪ. ಮೂವತ್ತು ಸಿಸಿಯದಕ್ಕೆ ಅದೇ ಸೋರಿಕೆ ಕಂಪ್ರೆಷನ್ನನ್ನು ನುಂಗಿಹಾಕಲು ಸಾಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಕೈಯಲ್ಲಿ ಹಿಡಿದು ಬಳಸುವ ಯಂತ್ರಗಳ ಹೊಗೆಯ ಪ್ರಮಾಣ ಎಷ್ಟು ಕಾಲ ಮಿತಿಯೊಳಗಿರಬೇಕೆಂದು ನಿಗದಿಪಡಿಸುವಾಗ ಇಟ್ಟುಕೊಂಡ ವರ್ಗಗಳು 50, 125 ಮತ್ತು 300 ಗಂಟೆ ಎಂಬುದು, ಇವು ಇಂಜಿನ್ನಿನ ಒಟ್ಟು ಆಯಸ್ಸಿನ ಅಳತೆಯಲ್ಲದಿದ್ದರೂ, ಈ ಲೋಕದಲ್ಲಿ ಕಾಲವನ್ನು ಎಣಿಸುವ ಪರಿಯನ್ನು ತೋರಿಸುತ್ತದೆ.

ಮಲೆನಾಡಿನ ಅಡಿಕೆ ಮತ್ತು ಕಾಫಿ ತೋಟಗಳಲ್ಲಿ ಕಳೆ ಸವರುವ ವೀಡ್ ಕಟರಿನ ಪಾಡು ಇದಕ್ಕೆ ಹತ್ತಿರದ ಉದಾಹರಣೆ. 30 ಮಿ.ಮೀ. ಸ್ಟ್ರೋಕಿನ ಇಂಜಿನ್ನು 9,000 ಸುತ್ತಿನಲ್ಲಿ ಓಡಿದರೆ ಪಿಸ್ಟನ್ ವೇಗ ಕೇವಲ 9 ಮೀಟರ್. ಹಡಗಿನ ಇಂಜಿನ್ನಿಗೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದರೆ ತುದಿಯ ನೈಲಾನ್ ದಾರ ಸವೆದು ಗಿಡ್ಡವಾದಾಗ ಗಾಳಿಯ ತಡೆ ಕಡಿಮೆಯಾಗಿ ಇಂಜಿನ್ನು ಹೊರೆಯಿಲ್ಲದೆ ಮಿತಿ ಮೀರಿ ಸುತ್ತುತ್ತದೆ, ಆ ಹೊತ್ತಿನಲ್ಲಿ ಕಾರ್ಬ್ಯುರೇಟರಿನ ಮಿಶ್ರಣ ತೆಳುವಾಗಿದ್ದರೆ ಶಾಖ ಏರುತ್ತದೆ. ಗಾರ್ಡಿಗೆ ಅಳವಡಿಸಿರುವ ಬ್ಲೇಡು ದಾರವನ್ನು ಕತ್ತರಿಸುತ್ತ ಸರಿಯಾದ ಉದ್ದಕ್ಕೆ ನಿಲ್ಲಿಸುವುದರಿಂದ, ಕೆಲಸಕ್ಕೆ ಅಡ್ಡವೆಂದು ಗಾರ್ಡನ್ನು ಬಿಚ್ಚಿಟ್ಟರೆ ಇಂಜಿನ್ನು ಉದ್ದ ದಾರದ ಹೊರೆಯಿಂದ ಏದುಸಿರುಬಿಡುತ್ತ ನಿಧಾನವಾಗಿ, ಕ್ಲಚ್ಚು ಜಾರಿ ಕಾಯುತ್ತದೆ. ಇವೆಲ್ಲಕ್ಕಿಂತ ದೊಡ್ಡ ಶತ್ರು ಧೂಳು. ಮಣ್ಣಿನಲ್ಲಿರುವ ಬೆಣಚಿನ ಕಣ ಕಬ್ಬಿಣಕ್ಕಿಂತ ಗಟ್ಟಿ, ಮತ್ತು ಟೂ-ಸ್ಟ್ರೋಕಿನಲ್ಲಿ ಗಾಳಿ ಮೊದಲು ಕ್ರ್ಯಾಂಕ್ ಕೋಣೆಗೆ ಹೋಗಿ ಆಮೇಲೆ ಮೇಲೇರುವುದರಿಂದ ಫಿಲ್ಟರಿನ ಸಣ್ಣ ಹರುಕಿನಿಂದ ನುಸುಳಿದ ಧೂಳೂ ಮೊದಲು ಬೇರಿಂಗುಗಳನ್ನು ಅರೆದು ನಂತರ ರಿಂಗಿಗೆ ಬರುತ್ತದೆ. ಫಿಲ್ಟರಿನ ಸ್ಪಂಜನ್ನು ತೊಳೆದು ಎಣ್ಣೆ ಸವರಿ ಹಾಕುವ ಹತ್ತು ನಿಮಿಷದ ಕೆಲಸ ಸುತ್ತನ್ನು ಸಾವಿರ ಇಳಿಸುವುದಕ್ಕಿಂತ ಹೆಚ್ಚು ಗಂಟೆಗಳನ್ನು ಉಳಿಸುತ್ತದೆ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಸವೆದ ಮೇಲಿನ ದಾರಿಯೂ ಎರಡು ಬಗೆಯ ಇಂಜಿನ್ನುಗಳಿಗೆ ಬೇರೆಯಾಗಿದೆ. ಎರಕದ ಕಬ್ಬಿಣದ ಸಿಲಿಂಡರಿರುವ ಹಳೆಯ ಬೈಕುಗಳಲ್ಲಿ ಬೋರನ್ನು ಕಾಲು ಮಿಲಿಮೀಟರಿನಷ್ಟು ಹಿಗ್ಗಿಸಿ, ಹೋನಿಂಗ್ ಮಾಡಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ನು ಹಾಕಿ ಹೊಸ ಆಯಸ್ಸು ಕೊಡಬಹುದು. ಹೀಗೆ ಹಂತಹಂತವಾಗಿ ಒಂದು ಮಿಲಿಮೀಟರಿನವರೆಗೆ ಹೋಗಿ, ಆಮೇಲೆ ಹೊಸ ಸ್ಲೀವ್ ಹೊಡೆಸಿ ಮತ್ತೆ ಮೂಲ ಅಳತೆಗೆ ಬರಬಹುದು. ಮೈಸೂರಿನ ಕಾರ್ಖಾನೆ ಮುಚ್ಚಿ ದಶಕಗಳು ಕಳೆದರೂ ಅದರ ಬೈಕುಗಳು ರಸ್ತೆಯಲ್ಲಿ ಉಳಿದಿರುವುದಕ್ಕೆ 4,750 ಸುತ್ತಿಗಿಂತ ಈ ರೀಬೋರಿನ ಸಾಧ್ಯತೆಯ ಪಾಲೇ ದೊಡ್ಡದಿರಬೇಕು. ವೀಡ್ ಕಟರು, ಗರಗಸಗಳ ಹಗುರ ಅಲ್ಯೂಮಿನಿಯಂ ಸಿಲಿಂಡರಿನ ಒಳಗೋಡೆಗೆ ಕ್ರೋಮ್ ಅಥವಾ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಲೇಪನವಿರುತ್ತದೆ. ಆ ಲೇಪನ ಕಬ್ಬಿಣಕ್ಕಿಂತ ಬಹಳ ಗಟ್ಟಿಯಾಗಿದ್ದು ನಿಧಾನವಾಗಿ ಸವೆಯುತ್ತದೆ, ಆದರೆ ಮಿಲಿಮೀಟರಿನ ಸಣ್ಣದೊಂದು ಪಾಲಿನಷ್ಟೇ ದಪ್ಪವಿರುವುದರಿಂದ ಅದನ್ನು ಬೋರ್ ಮಾಡಿಸಲು ಬರುವುದಿಲ್ಲ. ಒಮ್ಮೆ ಕಿತ್ತುಬಂದರೆ ಸಿಲಿಂಡರನ್ನೂ ಪಿಸ್ಟನ್ನನ್ನೂ ಜೊತೆಯಾಗಿಯೇ ಬದಲಿಸಬೇಕಾಗುತ್ತದೆ.